78 ದಿನದ ಬೋನಸ್ ಅಂದರೆ 78 ದಿನದ ಸಂಬಳವೇ?

ದಸರಾ ಹತ್ತಿರ ಬಂದಾಗ ಪ್ರತಿ ವರ್ಷ ಒಂದು ಸುದ್ದಿ ತಪ್ಪದೇ ಬರುತ್ತದೆ: ರೈಲ್ವೆ ನೌಕರರಿಗೆ 78 ದಿನಗಳ ಬೋನಸ್. ಹುಬ್ಬಳ್ಳಿಯಲ್ಲೋ ಮೈಸೂರಲ್ಲೋ ರೈಲ್ವೆ ಕೆಲಸದಲ್ಲಿರುವ ನೆಂಟರಿದ್ದರೆ ಅವತ್ತು ಅವರ ಫೋನು ಸುಮ್ಮನಿರುವುದಿಲ್ಲ. ‘ಏನ್ ಭಾವ, ಎರಡೂವರೆ ತಿಂಗಳ ಸಂಬಳ ಒಟ್ಟಿಗೆ ಬಂತಂತೆ, ಊಟ ಯಾವಾಗ ಹಾಕಿಸ್ತೀರಿ?’ ತಿಂಗಳಿಗೆ 60,000 ರೂಪಾಯಿ ಸಂಬಳದವರಾದರೆ 78 ದಿನಕ್ಕೆ ಒಂದೂವರೆ ಲಕ್ಷ ದಾಟಬೇಕು, ಅಲ್ವಾ? ಭಾವನ ಖಾತೆಗೆ ಬಂದಿರುವುದು ಮಾತ್ರ 17,951 ರೂಪಾಯಿ.

ಸುದ್ದಿ ಸುಳ್ಳಲ್ಲ. ಭಾವನೂ ದುಡ್ಡು ಬಚ್ಚಿಟ್ಟಿಲ್ಲ. ಈ ಬೋನಸ್‌ಗೆ ಸರ್ಕಾರಿ ಕಾಗದದಲ್ಲಿ ‘ಉತ್ಪಾದಕತೆ ಆಧಾರಿತ ಬೋನಸ್’ ಎಂದು ಉದ್ದನೆಯ ಹೆಸರಿದೆ. ಆ ಹೆಸರಿನ ಹಿಂದೆ ಒಂದು ಹಳೆಯ ಪ್ರಶ್ನೆಯಿದೆ. ಕೆಲಸಗಾರರು ಮೊದಲಿಗಿಂತ ಚೆನ್ನಾಗಿ ದುಡಿದು ಸಂಸ್ಥೆಗೆ ಹೆಚ್ಚು ಉಳಿಸಿಕೊಟ್ಟರೆ, ಆ ಉಳಿತಾಯದಲ್ಲಿ ಅವರ ಪಾಲೆಷ್ಟು? ಅದನ್ನು ಅಳೆಯುವುದು ಹೇಗೆ?

2025ರ ನವೆಂಬರ್ 21ರಿಂದ ದೇಶದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಬೋನಸ್ ಕಾಯ್ದೆ ಅವುಗಳಲ್ಲೊಂದಾದ ವೇತನ ಸಂಹಿತೆಯೊಳಗೆ ಸೇರಿಹೋಯಿತು. ಹಾಗಾಗಿ ಖಾಸಗಿ ಕಂಪನಿಗಳಲ್ಲಿ ಇರುವವರಿಗೂ ಈ ಲೆಕ್ಕ ಗೊತ್ತಿದ್ದರೆ ಒಳ್ಳೆಯದು.

ದೋಸೆ ಜಾಸ್ತಿ ಆದರೆ ಸಾಲದು

ಮೊದಲು ಎರಡು ಪದ ಬೇರೆ ಮಾಡಿಕೊಳ್ಳೋಣ. ಉತ್ಪಾದನೆ ಅಂದರೆ ಎಷ್ಟು ತಯಾರಾಯಿತು ಅನ್ನುವುದು. ಉತ್ಪಾದಕತೆ ಅಂದರೆ ಎಷ್ಟು ಹಾಕಿದ್ದಕ್ಕೆ ಎಷ್ಟು ಬಂತು ಅನ್ನುವುದು.

ಒಂದು ದರ್ಶಿನಿ ಹೋಟೆಲಿನ ಅಡುಗೆಮನೆ ನೆನೆಸಿಕೊಳ್ಳಿ. ಇಬ್ಬರು ಭಟ್ಟರು ಗಂಟೆಗೆ 100 ದೋಸೆ ಹುಯ್ಯುತ್ತಾರೆ. ಮಾಲೀಕರು ಮೂರನೆಯವರನ್ನು ಕರೆತಂದರು, ದೋಸೆ 150 ಆಯಿತು. ಉತ್ಪಾದನೆ ಏರಿತು, ಉತ್ಪಾದಕತೆ ಏರಲಿಲ್ಲ. ಮೊದಲೂ ಒಬ್ಬರಿಗೆ 50, ಈಗಲೂ 50. ಅದೇ ಮೊದಲಿನ ಇಬ್ಬರೇ ಹಿಟ್ಟಿನ ಪಾತ್ರೆಯನ್ನು ಕಾವಲಿಯ ಪಕ್ಕಕ್ಕೆ ಸರಿಸಿ, ಚಟ್ನಿ ಬಡಿಸುವ ಕೆಲಸವನ್ನು ಕೌಂಟರಿಗೆ ಬಿಟ್ಟು, ಗಂಟೆಗೆ 120 ಹುಯ್ದರೆ ಆಗ ಉತ್ಪಾದಕತೆ ಏರಿತು. ಸಂಬಳ ಅಷ್ಟೇ, ಹೆಚ್ಚು ಕಮ್ಮಿ ಗ್ಯಾಸೂ ಅಷ್ಟೇ, ದೋಸೆ ಮಾತ್ರ ಜಾಸ್ತಿ. ಆ 20 ದೋಸೆಯಿಂದ ಬಂದ ಹೆಚ್ಚಿನ ಕಾಸೇ ಹಂಚಿಕೊಳ್ಳಬೇಕಾದ ಗಂಟು.

ಇಲ್ಲೇ ಒಂದು ತೊಡಕಿದೆ. ಮಾಲೀಕರು ಸಾಲ ಮಾಡಿ ದೊಡ್ಡ ಕಾವಲಿ ತಂದದ್ದರಿಂದಲೇ ದೋಸೆ 120 ಆಗಿದ್ದರೆ? ಆಗ ಹೆಚ್ಚಳಕ್ಕೆ ಕಾರಣ ಮಾಲೀಕರ ದುಡ್ಡು. ಆದರೆ ದೊಡ್ಡ ಕಾವಲಿಯ ಮುಂದೆ ಬಿಸಿಗೆ ನಿಂತು, ಒಮ್ಮೆಗೆ ಹೆಚ್ಚು ದೋಸೆ ಹಾಕುವುದನ್ನು ಕಲಿತವರು ಭಟ್ಟರು. ಯಂತ್ರದ ಪಾಲು ಇಷ್ಟು, ಕೈಯ ಪಾಲು ಇಷ್ಟು ಎಂದು ಗೆರೆ ಎಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ. ಅದಕ್ಕೇ ಎಲ್ಲ ಕಡೆಯೂ ಇದು ಕೊನೆಗೆ ಮಾತುಕತೆಯಲ್ಲಿ ತೀರ್ಮಾನವಾಗುತ್ತದೆ. ಸೂತ್ರ ಬರುವುದು ಆಮೇಲೆ.

ಹಂಚುವ ದಾರಿಗಳು

ಮಲೆನಾಡಿನಲ್ಲಿ ಅಡಿಕೆ ಸುಲಿಯುವವರಿಗೆ ದಿನಗೂಲಿ ಬದಲು ಸುಲಿದಷ್ಟಕ್ಕೆ ಲೆಕ್ಕ ಕೊಡುವ ರೂಢಿಯಿದೆ. ಕರಾವಳಿಯಲ್ಲಿ ಬೀಡಿ ಕಟ್ಟುವವರಿಗೆ ಸಾವಿರಕ್ಕೆ ಇಷ್ಟು ಎಂದು ದರ. ಇದು ಪೀಸ್ ರೇಟ್. ನಾನು ಎಷ್ಟು ಮಾಡಿದೆನೋ ಅಷ್ಟು ನನಗೆ, ಪಕ್ಕದವರ ಗೊಡವೆ ಇಲ್ಲ.

ಎರಡನೆಯದು ಲಾಭದಲ್ಲಿ ಪಾಲು. ವರ್ಷದ ಕೊನೆಗೆ ಕಂಪನಿ ಲೆಕ್ಕ ಮುಗಿಸಿ, ಉಳಿದ ಲಾಭದಲ್ಲಿ ಒಂದು ಭಾಗ ನೌಕರರಿಗೆ ಕೊಡುತ್ತದೆ. ಇದರಲ್ಲಿ ಒಂದು ಸಮಸ್ಯೆ ಇದೆ. ಲಾಭ ಕೆಲಸಗಾರರ ಕೈಯಲ್ಲಿ ಮಾತ್ರ ಇರುವುದಿಲ್ಲ. ನೀವು ಅತ್ಯುತ್ತಮವಾಗಿ ದುಡಿದ ವರ್ಷವೇ ಡಾಲರ್ ಬೆಲೆ ಏರಿ, ಕಚ್ಚಾಮಾಲು ತುಟ್ಟಿಯಾಗಿ ಲಾಭ ಕರಗಿಬಿಡಬಹುದು.

ಮೂರನೆಯದು ಈ ಲೇಖನದ ಮುಖ್ಯ ವಿಷಯ, ಉಳಿತಾಯದಲ್ಲಿ ಪಾಲು. ಇಲ್ಲಿ ಲಾಭ ನೋಡುವುದಿಲ್ಲ. ಕೆಲಸಗಾರರ ಕೈಯಲ್ಲಿರುವ ವಿಷಯಗಳನ್ನು ಮಾತ್ರ ಅಳೆಯುತ್ತಾರೆ: ಒಂದು ಪೀಸಿಗೆ ಹಿಡಿದ ಸಮಯ, ಹಾಳಾದ ಮಾಲು, ವಾಪಸ್ ಬಂದ ಸರಕು. ಅವು ಕಡಿಮೆಯಾಗಿ ಉಳಿದ ಹಣವನ್ನು ಹಂಚುತ್ತಾರೆ.

ಇನ್ನೊಂದು, ಒಡೆತನದಲ್ಲೇ ಪಾಲು. ಇನ್ಫೋಸಿಸ್ 1994ರಲ್ಲಿ ನೌಕರರಿಗೆ ಷೇರು ಕೊಡುವ ಯೋಜನೆ ಶುರು ಮಾಡಿತು. ಭಾರತದಲ್ಲಿ ಹೀಗೆ ಮಾಡಿದ ಮೊದಲ ಕಂಪನಿಗಳಲ್ಲಿ ಅದೂ ಒಂದು. ಹಳ್ಳಿಯ ಹಾಲಿನ ಡೇರಿಯಲ್ಲಿ ವರ್ಷಕ್ಕೊಮ್ಮೆ ಬೋನಸ್ ಹಂಚುತ್ತಾರಲ್ಲ, ಅದೂ ಈ ಜಾತಿಯದೇ. ಹಾಲು ಹಾಕಿದವರೇ ಸಂಘದ ಸದಸ್ಯರು, ಅಂದರೆ ಒಡೆಯರು. ಎಷ್ಟು ಹಾಲು ಹಾಕಿದಿರೋ ಅದಕ್ಕೆ ತಕ್ಕಂತೆ ಬೋನಸ್.

8.33 ಎಲ್ಲಿಂದ ಬಂತು?

ನಮ್ಮಲ್ಲಿ ಬೋನಸ್ ಅನ್ನುವ ಮಾತು ಶುರುವಾದದ್ದು ಮುಂಬೈಯ ಬಟ್ಟೆ ಗಿರಣಿಗಳಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಬೆಲೆ ಏರಿತ್ತು, ಗಿರಣಿಗಳಿಗೂ ಒಳ್ಳೆಯ ಲಾಭ ಬರುತ್ತಿತ್ತು. 1917ರಲ್ಲಿ ಕೂಲಿಯ ಮೇಲೆ ಶೇ 10ರಷ್ಟು ‘ಯುದ್ಧದ ಬೋನಸ್’ ಕೊಟ್ಟರು. ಯುದ್ಧ ಮುಗಿದು ಲಾಭ ಇಳಿದ ಮೇಲೆ ಮಾಲೀಕರು ಬೋನಸ್ ನಿಲ್ಲಿಸಿದರು. 1924ರಲ್ಲಿ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಬೋನಸ್ ಕಾರ್ಮಿಕರ ಹಕ್ಕಲ್ಲ ಎಂದು ಆಗ ನೇಮಿಸಿದ ವಿಚಾರಣಾ ಸಮಿತಿ ಹೇಳಿತು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ಮಾತು ಕಾನೂನಿನಲ್ಲಿ ತಿರುಗಲು 40 ವರ್ಷ ಹಿಡಿಯಿತು. ಎಂ.ಆರ್. ಮೆಹೆರ್ ಅಧ್ಯಕ್ಷತೆಯ ಬೋನಸ್ ಆಯೋಗ 1961ರಲ್ಲಿ ರಚನೆಯಾಯಿತು, 1965ರಲ್ಲಿ ಬೋನಸ್ ಪಾವತಿ ಕಾಯ್ದೆ ಬಂತು. ಕನಿಷ್ಠ ಬೋನಸ್ ಮೊದಲು ಶೇ 4 ಇತ್ತು. 1972ರಲ್ಲಿ ಶೇ 8.33 ಆಯಿತು. ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಶೇ 4ಕ್ಕೆ ಇಳಿಸಿದರು. 1977ರಲ್ಲಿ ಸರ್ಕಾರ ಬದಲಾದ ಮೇಲೆ 8.33 ವಾಪಸ್ ಬಂತು.

ಈ 8.33 ನೋಡಲು ವಿಚಿತ್ರವಾದ ಅಂಕಿ. ಆದರೆ 100ನ್ನು 12ರಿಂದ ಭಾಗಿಸಿ ನೋಡಿ. ವರ್ಷದ ಸಂಬಳದ ಹನ್ನೆರಡರಲ್ಲಿ ಒಂದು ಭಾಗ, ಅಂದರೆ ಒಂದು ತಿಂಗಳ ಸಂಬಳ. ಹದಿಮೂರನೇ ಸಂಬಳ ಅನ್ನುತ್ತಾರಲ್ಲ, ಅದೇ ಇದು. ಗರಿಷ್ಠ ಮಿತಿ ಶೇ 20. ಹೊಸ ವೇತನ ಸಂಹಿತೆಯಲ್ಲೂ ಈ ಎರಡು ಅಂಕಿ ಹಾಗೇ ಉಳಿದಿವೆ.

ಕಾಯ್ದೆ ಅನ್ವಯವಾಗುತ್ತಿದ್ದುದು 20 ಅಥವಾ ಹೆಚ್ಚು ಮಂದಿ ಇರುವ ಕಡೆ. ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿರಬೇಕು. ತಿಂಗಳ ಸಂಬಳ 21,000 ರೂಪಾಯಿಯೊಳಗೆ ಇರಬೇಕಿತ್ತು. ಇಷ್ಟಿದ್ದವರಿಗೂ ಲೆಕ್ಕ ಹಾಕುತ್ತಿದ್ದುದು ಪೂರ್ತಿ ಸಂಬಳದ ಮೇಲಲ್ಲ. 7,000 ರೂಪಾಯಿ ಅಥವಾ ಆ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ, ಯಾವುದು ಹೆಚ್ಚೋ ಅದರ ಮೇಲೆ. ಉದಾಹರಣೆಗೆ ನಿಮ್ಮ ಸಂಬಳ 19,000, ಆ ಕೆಲಸದ ಕನಿಷ್ಠ ವೇತನ 13,000 ಅಂದುಕೊಳ್ಳಿ. ಕನಿಷ್ಠ ಬೋನಸ್ ಸುಮಾರು 13,000 ಬರುತ್ತಿತ್ತು, 19,000 ಅಲ್ಲ. ಹೊಸ ಸಂಹಿತೆಯಲ್ಲಿ ಈ ಸಂಬಳದ ಮಿತಿಗಳು ಕಾಯ್ದೆಯ ಒಳಗಿಲ್ಲ, ಸರ್ಕಾರ ಅಧಿಸೂಚನೆ ಹೊರಡಿಸಿ ಗೊತ್ತುಮಾಡುತ್ತದೆ. ಹಾಗಾಗಿ ಹಳೆಯ ವಾಟ್ಸ್‌ಆಪ್ ಸಂದೇಶ ನೋಡಿ ಲೆಕ್ಕ ಹಾಕಬೇಡಿ.

ಲಾಭ ಜಾಸ್ತಿ ಬಂದ ವರ್ಷ ಏನಾಗುತ್ತದೆ? ಹಂಚಬಹುದಾದ ಹಣ ಶೇ 20ರ ಮಿತಿ ದಾಟಿದರೆ, ಮಿಕ್ಕದ್ದರಲ್ಲಿ ಒಂದು ಭಾಗವನ್ನು ಮುಂದಿನ ನಾಲ್ಕು ವರ್ಷಗಳಿಗಾಗಿ ಎತ್ತಿಡುತ್ತಾರೆ. ಕೊರತೆ ಬಿದ್ದ ವರ್ಷ ಅದರಿಂದ ತುಂಬಿಸುತ್ತಾರೆ. ಒಳ್ಳೆಯ ಮಳೆಯಾದ ವರ್ಷ ಕಣಜ ತುಂಬಿಸಿ, ಬರಗಾಲದಲ್ಲಿ ತೆಗೆದ ಹಾಗೆ.

ಈ ಕನಿಷ್ಠ ಬೋನಸ್ ಲಾಭ ಇರಲಿ ಬಿಡಲಿ ಕೊಡಬೇಕಾದದ್ದು. ಹೊಸ ಕಂಪನಿಗಳಿಗೆ ಮಾತ್ರ ಮೊದಲ ಕೆಲವು ವರ್ಷ ವಿನಾಯಿತಿ ಇದೆ. ಹಾಗಾಗಿ ನಿಜಕ್ಕೂ ಇದು ತಡವಾಗಿ ಬರುವ ಸಂಬಳ. ಹೆಚ್ಚು ದುಡಿಯಲು ಪ್ರೋತ್ಸಾಹ ಅನ್ನುವುದು ಇದಕ್ಕೆ ಒಪ್ಪುವ ಹೆಸರಲ್ಲ.

ರೈಲ್ವೆಗೆ ಬೇರೆ ಹಳಿ

ಸರ್ಕಾರಿ ಇಲಾಖೆಗಳು ನಡೆಸುವ ಉದ್ಯಮಗಳನ್ನು 1965ರ ಕಾಯ್ದೆ ಹೊರಗಿಟ್ಟಿತು. ರೈಲ್ವೆ ಕಂಪನಿಯಲ್ಲ, ಇಲಾಖೆ. ಆದ್ದರಿಂದ ಆಗ ರೈಲ್ವೆಯವರಿಗೆ ಬೋನಸ್ ಇರಲಿಲ್ಲ. ಪಕ್ಕದ ಕಾರ್ಖಾನೆಯವನಿಗೆ ಇದೆ, ನನಗೇಕಿಲ್ಲ ಎಂಬ ಸಿಟ್ಟು ಹೊಗೆಯಾಡುತ್ತಲೇ ಇತ್ತು. 1974ರ ಮೇ ತಿಂಗಳಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳತ್ವದಲ್ಲಿ ನಡೆದ ದೊಡ್ಡ ರೈಲ್ವೆ ಮುಷ್ಕರದ ಬೇಡಿಕೆಗಳಲ್ಲಿ ಬೋನಸ್ ಕೂಡ ಇತ್ತು. ಮುಷ್ಕರ 20 ದಿನ ನಡೆದು, ಬೇಡಿಕೆ ಈಡೇರದೆ ಮುಗಿಯಿತು.

ಬೋನಸ್ ಬಂದದ್ದು 1979-80ರಲ್ಲಿ, ಬೇರೆ ಬಾಗಿಲಿನಿಂದ. ಇಲಾಖೆಗೆ ಕಂಪನಿಯ ಹಾಗೆ ಲಾಭದ ಲೆಕ್ಕವಿಲ್ಲ. ಸರಿ, ಲಾಭದ ಬದಲು ಉತ್ಪಾದಕತೆ ಅಳೆಯೋಣ ಎಂದರು. ಎಷ್ಟು ಸರಕು, ಎಷ್ಟು ಪ್ರಯಾಣಿಕರನ್ನು ಎಷ್ಟು ದೂರ ಸಾಗಿಸಿದೆವು, ಅದಕ್ಕೆ ಎಷ್ಟು ಸಿಬ್ಬಂದಿ ಬೇಕಾಯಿತು, ಇದು ಲೆಕ್ಕದ ತಿರುಳು. ಫಲಿತಾಂಶವನ್ನು ರೂಪಾಯಿಯಲ್ಲಿ ಹೇಳದೆ ದಿನಗಳಲ್ಲಿ ಹೇಳುತ್ತಾರೆ.

ಈಗ ಭಾವನ ಲೆಕ್ಕಕ್ಕೆ ಬರೋಣ. ಇಲ್ಲಿಯೂ ಲೆಕ್ಕಕ್ಕೆ ಹಿಡಿಯುವ ಸಂಬಳ ತಿಂಗಳಿಗೆ 7,000 ರೂಪಾಯಿ ಮಾತ್ರ. 7,000ವನ್ನು 12ರಿಂದ ಗುಣಿಸಿ, 365ರಿಂದ ಭಾಗಿಸಿದರೆ ದಿನಕ್ಕೆ 230 ರೂಪಾಯಿ ಚಿಲ್ಲರೆ. ಅದನ್ನು 78ರಿಂದ ಗುಣಿಸಿದರೆ 17,951. ಟ್ರ್ಯಾಕ್‌ಮನ್‌ಗೂ ಅಷ್ಟೇ, ಲೋಕೊ ಪೈಲಟ್‌ಗೂ ಅಷ್ಟೇ. 2024-25ರ ಸಾಲಿಗೆ ಸುಮಾರು 10.91 ಲಕ್ಷ ನೌಕರರಿಗೆ ಒಟ್ಟು 1,865.68 ಕೋಟಿ ರೂಪಾಯಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಧಿಕಾರಿ ದರ್ಜೆಯವರಿಗೆ ಇದು ಸಿಗುವುದಿಲ್ಲ.

ಒಂದು ವಿಷಯ ಗಮನಿಸಿ. ಈ 78 ಹತ್ತು ವರ್ಷಕ್ಕೂ ಹಿಂದಿನಿಂದ ಹಾಗೇ ನಿಂತಿದೆ. ಕೋವಿಡ್‌ನಿಂದ ಪ್ರಯಾಣಿಕರ ರೈಲುಗಳು ತಿಂಗಳುಗಟ್ಟಲೆ ನಿಂತಿದ್ದ 2020-21ರ ಸಾಲಿಗೂ 78 ದಿನವೇ. ಆ ಹೊತ್ತಿನಲ್ಲೂ ಆಕ್ಸಿಜನ್, ಧಾನ್ಯ, ಕಲ್ಲಿದ್ದಲು ಸಾಗಿಸಿದವರಿಗೆ ಅದು ಸಿಗಬೇಕಾದದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ರೈಲು ಓಡಿದರೂ ನಿಂತರೂ ಅಂಕಿ ಅಲುಗಾಡದಿದ್ದರೆ, ಅದು ಅಳತೆಗೋಲಾಗಿ ಉಳಿದಿಲ್ಲ, ಹಬ್ಬದ ಉಡುಗೊರೆಯಾಗಿದೆ ಎಂದೇ ನನಗನಿಸುತ್ತದೆ.

ಅಳತೆ ನಿಜವಾಗಿದ್ದರೆ ಹೇಗಿರುತ್ತದೆ?

ಅಮೆರಿಕದ ಒಹಾಯೊ ರಾಜ್ಯದ ಮ್ಯಾನ್ಸ್‌ಫೀಲ್ಡ್‌ನಲ್ಲಿ ಒಂದು ಉಕ್ಕಿನ ಕಾರ್ಖಾನೆ 1930ರ ದಶಕದ ಕೊನೆಯಲ್ಲಿ ಮುಳುಗುವ ಸ್ಥಿತಿಯಲ್ಲಿತ್ತು. ಅಲ್ಲಿನ ಕಾರ್ಮಿಕ ಸಂಘದ ಮುಖಂಡ ಜೋಸೆಫ್ ಸ್ಕ್ಯಾನ್ಲನ್. ಆತ ಲೆಕ್ಕಪತ್ರವೂ ಬಲ್ಲವನು. ಸಂಬಳ ಹೆಚ್ಚಿಸಿ ಎಂದು ಕೇಳುವ ಬದಲು, ಎಲ್ಲೆಲ್ಲಿ ಪೋಲಾಗುತ್ತಿದೆ ಎಂದು ಕೆಲಸಗಾರರೇ ಹೇಳಲಿ, ಉಳಿದದ್ದರಲ್ಲಿ ಅವರಿಗೆ ಪಾಲಿರಲಿ ಎಂದ. ಆ ಯೋಚನೆ ಮುಂದೆ ಹಲವು ಕಾರ್ಖಾನೆಗಳಲ್ಲಿ ಒಂದು ಲೆಕ್ಕದ ರೂಪ ಪಡೆಯಿತು. ಅದಕ್ಕೆ ಇವತ್ತಿಗೂ ಸ್ಕ್ಯಾನ್ಲನ್ ಪ್ಲಾನ್ ಎಂದೇ ಹೆಸರು.

ಅದನ್ನು ಪೀಣ್ಯದ ಒಂದು ಕಾಲ್ಪನಿಕ ಕಾರ್ಖಾನೆಗೆ ಹಾಕಿ ನೋಡೋಣ. 60 ಜನ, ಸರಾಸರಿ ಸಂಬಳ 15,000, ಒಟ್ಟು ಸಂಬಳದ ಖರ್ಚು 9 ಲಕ್ಷ. ಹಿಂದಿನ ಎರಡು ಮೂರು ವರ್ಷದ ಪುಸ್ತಕ ತೆಗೆದರೆ, ಪ್ರತಿ 100 ರೂಪಾಯಿ ಮಾಲಿಗೆ 20 ರೂಪಾಯಿ ಸಂಬಳಕ್ಕೆ ಹೋಗಿದೆ. ಈ 20 ನಮ್ಮ ಮೂಲ ಅಳತೆ.

ಈ ತಿಂಗಳು 50 ಲಕ್ಷದ ಮಾಲು ತಯಾರಾಯಿತು. ಹಳೆಯ ಅಳತೆಯಲ್ಲಿ ಸಂಬಳಕ್ಕೆ 10 ಲಕ್ಷ ಬೇಕಿತ್ತು. ನಿಜಕ್ಕೂ ಹೋದದ್ದು 9 ಲಕ್ಷ. ಉಳಿದದ್ದು 1 ಲಕ್ಷ. ಅದರಲ್ಲಿ ಕಾಲು ಭಾಗ, 25,000, ಕೆಟ್ಟ ತಿಂಗಳಿಗೆಂದು ಎತ್ತಿಡುತ್ತಾರೆ. ಮಿಕ್ಕ 75,000ದಲ್ಲಿ ಮುಕ್ಕಾಲು ಪಾಲು ಕೆಲಸಗಾರರಿಗೆ, ಅಂದರೆ 56,250. ಕಂಪನಿಗೆ 18,750. ಕೆಲಸಗಾರರ ಪಾಲು ಒಟ್ಟು ಸಂಬಳದ ಶೇ 6.25 ಆಗುತ್ತದೆ. ಹಾಗಾಗಿ 16,000 ಸಂಬಳದವರಿಗೆ ಆ ತಿಂಗಳು 1,000 ರೂಪಾಯಿ ಹೆಚ್ಚು. ವರ್ಷದ ಕೊನೆಗೆ ಎತ್ತಿಟ್ಟ ಗಂಟಿನಲ್ಲಿ ಏನಾದರೂ ಉಳಿದಿದ್ದರೆ ಅದನ್ನೂ ಹಂಚುತ್ತಾರೆ.

ಕಂಪನಿಗೆ ಬರೀ 18,750 ಬಂದರೆ ಏನು ಲಾಭ ಅನ್ನಬಹುದು. ಅದೇ ಜನ, ಅದೇ ಶೆಡ್ಡು, ಅದೇ ಬಾಡಿಗೆಯಲ್ಲಿ 45 ಲಕ್ಷದ ಬದಲು 50 ಲಕ್ಷದ ಮಾಲು ಹೊರಬಿದ್ದಿದೆ. ಕಂಪನಿಯ ದೊಡ್ಡ ಲಾಭ ಅಲ್ಲಿದೆ.

ಸ್ಕ್ಯಾನ್ಲನ್ ಯೋಜನೆಯಲ್ಲಿ ದುಡ್ಡಿನಷ್ಟೇ ಮುಖ್ಯವಾದದ್ದು ಸಮಿತಿ. ಕೆಲಸಗಾರರು, ಮ್ಯಾನೇಜರುಗಳು ಒಟ್ಟಿಗೆ ಕೂತು ಸಲಹೆ ಕೇಳುತ್ತಾರೆ, ಲೆಕ್ಕ ತೋರಿಸುತ್ತಾರೆ. ಮಿಷನ್ ಎಲ್ಲಿ ತೊಂದರೆ ಕೊಡುತ್ತದೆ, ಮಾಲು ಎಲ್ಲಿ ಕಾಯುತ್ತಾ ಬಿದ್ದಿರುತ್ತದೆ ಅನ್ನುವುದು ಆಫೀಸಿನಲ್ಲಿ ಕೂತವರಿಗಿಂತ ಮಿಷನ್ ಮುಂದೆ ನಿಂತವರಿಗೇ ಚೆನ್ನಾಗಿ ಗೊತ್ತು.

ಇಷ್ಟು ಚೆಂದ ಇದ್ದರೆ ಎಲ್ಲರೂ ಯಾಕೆ ಮಾಡುವುದಿಲ್ಲ?

ದೊಡ್ಡ ಕಾರಣ ಭಯ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರನ್ನು ಕೇಳಿ. ಗಂಟೆಗೆ 60 ಪೀಸ್ ಟಾರ್ಗೆಟ್ ಇದ್ದಾಗ ಯಾರಾದರೂ 75 ಹೊಲಿದರೆ, ಪಕ್ಕದವರು ಮೊದಲು ಹೇಳುವ ಮಾತು ‘ಯಾಕಮ್ಮ ಇಷ್ಟು ಅವಸರ?’ ಇವತ್ತಿನ 75 ನಾಳೆಯ ಟಾರ್ಗೆಟ್ ಆಗಿಬಿಡುತ್ತದೆ ಎಂಬ ಅಂಜಿಕೆ. ಇದು ಸೋಮಾರಿತನ ಅಲ್ಲ, ಸರಿಯಾದ ಲೆಕ್ಕವೇ. ಅಮೆರಿಕದ ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1931-32ರಲ್ಲಿ 14 ಕೆಲಸಗಾರರ ಒಂದು ಗುಂಪನ್ನು ಸಂಶೋಧಕರು ತಿಂಗಳುಗಟ್ಟಲೆ ಗಮನಿಸಿದರು. ಇಡೀ ಗುಂಪು ಹೆಚ್ಚು ಮಾಡಿದರೆ ಎಲ್ಲರಿಗೂ ಹೆಚ್ಚು ಕೂಲಿ ಸಿಗುವ ಏರ್ಪಾಡಿತ್ತು. ಆದರೂ ದಿನಕ್ಕೆ ಇಷ್ಟೇ ಎಂದು ಅವರವರೇ ಮಿತಿ ಹಾಕಿಕೊಂಡಿದ್ದರು. ಮಿತಿ ದಾಟಿದವರನ್ನು ಗೇಲಿ ಮಾಡುತ್ತಿದ್ದರು, ತೋಳಿಗೆ ಗುದ್ದುತ್ತಿದ್ದರು.

ಈ ಭಯ ಹೋಗಲಾಡಿಸಲು ಒಹಾಯೊದ್ದೇ ಇನ್ನೊಂದು ಕಂಪನಿ, ವೆಲ್ಡಿಂಗ್ ಯಂತ್ರ ತಯಾರಿಸುವ ಲಿಂಕನ್ ಎಲೆಕ್ಟ್ರಿಕ್, ಒಂದು ಮಾತು ಕೊಟ್ಟಿತ್ತು. ಕೆಲಸದ ವಿಧಾನ ಬದಲಾಗದೆ ಪೀಸ್ ರೇಟ್ ಬದಲಿಸುವುದಿಲ್ಲ. ಯಾರು ಎಷ್ಟೇ ಬೇಗ ಮಾಡಲಿ, ದರ ಕಡಿತ ಇಲ್ಲ. 1934ರಿಂದ ಅಲ್ಲಿ ವರ್ಷದ ಬೋನಸ್ ಕೂಡ ಶುರುವಾಯಿತು. 1958ರಲ್ಲಿ ಖಾಯಂ ನೌಕರರಿಗೆ ಕೆಲಸದ ಭದ್ರತೆಯ ಭರವಸೆಯನ್ನೂ ಕೊಟ್ಟರು. ನಾನು ಚುರುಕಾದರೆ ನನ್ನದೋ ಪಕ್ಕದವನದೋ ಕೆಲಸ ಹೋಗುವುದಾದರೆ ಯಾರು ತಾನೇ ಚುರುಕಾಗುತ್ತಾರೆ?

ಎರಡನೆಯದು ‘ನಾನೊಬ್ಬ ಮಾಡದಿದ್ದರೆ ಏನಾಯ್ತು’ ಸಮಸ್ಯೆ. 60 ಜನರಲ್ಲಿ ಹಂಚುವಾಗ ನಾನು ಕಷ್ಟಪಟ್ಟು ಉಳಿಸಿದ 60 ರೂಪಾಯಿಯಲ್ಲಿ ನನಗೆ ಬರುವುದು ಒಂದು ರೂಪಾಯಿಗೂ ಕಮ್ಮಿ. 10,000 ಜನರ ಕಂಪನಿಯಲ್ಲಿ ಕೇಳುವುದೇ ಬೇಡ. ಆದರೂ ಇದು ಯಾವಾಗಲೂ ಸೋಲುವುದಿಲ್ಲ. 1995ರಲ್ಲಿ ಅಮೆರಿಕದ ಕಾಂಟಿನೆಂಟಲ್ ಏರ್‌ಲೈನ್ಸ್ ಸಮಯಪಾಲನೆಯಲ್ಲಿ ತೀರಾ ಹಿಂದಿತ್ತು. ವಿಮಾನಗಳು ಹೊತ್ತಿಗೆ ಸರಿಯಾಗಿ ತಲುಪುವ ಪಟ್ಟಿಯಲ್ಲಿ ಕಂಪನಿ ಮೊದಲ ಐದರೊಳಗೆ ಬಂದ ತಿಂಗಳು ಪ್ರತಿಯೊಬ್ಬರಿಗೂ 65 ಡಾಲರ್ ಎಂದು ಘೋಷಿಸಿದರು. ಹತ್ತಾರು ಸಾವಿರ ನೌಕರರಿದ್ದ ಕಂಪನಿಯದು. ಆದರೂ ಬೇಗನೆ ಮೇಲಕ್ಕೆ ಬಂದಿತು. ಅದನ್ನು ಅಧ್ಯಯನ ಮಾಡಿದವರು ಕಂಡ ಕಾರಣ ಇದು: ಒಂದೊಂದು ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವುದು ಸಣ್ಣ ಗುಂಪು. ಸಾಮಾನು ಏರಿಸುವವರು ತಡ ಮಾಡಿದರೆ ಗೇಟಿನಲ್ಲಿ ನಿಂತವರಿಗೆ ಕಣ್ಣಿಗೇ ಕಾಣುತ್ತದೆ. ‘ಏನಪ್ಪಾ, ನಮ್ಮೆಲ್ಲರ ದುಡ್ಡು ಕಳೀತೀಯಾ’ ಎಂದು ಕೇಳುವವರು ಪಕ್ಕದಲ್ಲೇ ಇರುತ್ತಾರೆ.

ಮೂರನೆಯದು, ಅಳೆದದ್ದು ಮಾತ್ರ ಹೆಚ್ಚಾಗುತ್ತದೆ. ಪೀಸ್ ಎಣಿಸಿದರೆ ಪೀಸ್ ಹೆಚ್ಚುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಕಾಫಿ ಕೊಯ್ಲಿಗೆ ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟು ಸುಮ್ನೆ ಬಿಟ್ಟರೆ ಹಣ್ಣಿನ ಜೊತೆ ಹಸಿರು ಕಾಯಿಯೂ ಚೀಲಕ್ಕೆ ಬೀಳುತ್ತದೆ. ಅದಕ್ಕೇ ಬುದ್ಧಿವಂತ ಯೋಜನೆಗಳಲ್ಲಿ ರಿಜೆಕ್ಟ್ ಆದ ಮಾಲನ್ನು ಕಳೆದೇ ಲೆಕ್ಕ ಹಾಕುತ್ತಾರೆ.

ನಿಮ್ಮಲ್ಲಿ ಇಂಥ ಯೋಜನೆ ಬಂದರೆ

ಎಚ್‌ಆರ್‌ನವರು ಹೊಸ ಇನ್ಸೆಂಟಿವ್ ಸ್ಕೀಮ್ ಎಂದು ಸ್ಲೈಡು ತೋರಿಸುವಾಗ ಶೇಕಡಾವಾರು ನೋಡಿ ಖುಷಿಪಡುವ ಮೊದಲು ಮೂಲ ಅಳತೆ ಯಾವ ವರ್ಷದ್ದು ಎಂದು ಕೇಳಿ. ಅತಿ ಒಳ್ಳೆಯ ವರ್ಷವನ್ನು ಮೂಲ ಎಂದು ಹಿಡಿದರೆ ಅದನ್ನು ದಾಟುವುದೇ ಕಷ್ಟ. ಹೊಸ ಯಂತ್ರವೋ ಸಾಫ್ಟ್‌ವೇರೋ ಬಂದಾಗ ಆ ಅಳತೆ ಬದಲಾಗುತ್ತದೆಯೇ, ಬದಲಿಸುವವರು ಯಾರು ಎಂದು ಕೇಳಿ. ಈಗ ಎಐ ಬಂದು ಎರಡು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತಿರುವ ಆಫೀಸುಗಳಲ್ಲಿ ದೊಡ್ಡ ಕಾವಲಿಯ ಪ್ರಶ್ನೆಯೇ ಮತ್ತೆ ಎದ್ದಿದೆ. ತಿಂಗಳ ಲೆಕ್ಕವನ್ನು ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೋ, ‘ಮ್ಯಾನೇಜ್‌ಮೆಂಟ್ ತೀರ್ಮಾನವೇ ಅಂತಿಮ’ ಎಂಬ ಸಣ್ಣಕ್ಷರದ ಸಾಲು ಇದೆಯೋ ನೋಡಿಕೊಳ್ಳಿ.

ಗುತ್ತಿಗೆ ನೌಕರರು ಅದೇ ಲೈನಿನಲ್ಲಿ, ಅದೇ ಮಿಷನ್ ಮೇಲೆ ಕೆಲಸ ಮಾಡುತ್ತಿದ್ದರೂ ಇಂಥ ಯೋಜನೆಗಳ ಪಟ್ಟಿಯಲ್ಲಿ ಎಷ್ಟೋ ಸಲ ಇರುವುದಿಲ್ಲ. ಕಾನೂನಿನ ಬೋನಸ್ ಮಾತ್ರ ಅವರಿಗೂ ಉಂಟು. ಅದನ್ನು ಕೊಡಬೇಕಾದವರು ಅವರನ್ನು ನೇಮಿಸಿಕೊಂಡ ಗುತ್ತಿಗೆದಾರರು.

ಮತ್ತೆ, ಬೋನಸ್ ಯಾವ ಹೆಸರಿನಲ್ಲಿ ಬಂದರೂ ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಸಂಬಳವೇ. ಭಾವನ 17,951 ಕೂಡ ಅವರ ವರ್ಷದ ಸಂಬಳಕ್ಕೆ ಸೇರುತ್ತದೆ. ಊಟ ಕೇಳುವಾಗ ಅದೂ ನೆನಪಿರಲಿ.